ಎರಡು ಬೆರಳೆತ್ತರ

"ಎಷ್ಟು ಇಂಚು ಎತ್ತಬೇಕ್ರಿ ಸಾರ್?" ಎಂದು ಮೆಕ್ಯಾನಿಕ್ ಹನುಮೇಶ ಕೇಳಿದ್ದು ಮುನಿಕೃಷ್ಣನನ್ನು.

ಗಾಡಿಯ ಬೀಗದ ಕೈ ಇದ್ದದ್ದು ವನಜಾಳ ಮುಷ್ಟಿಯಲ್ಲಿ. ಮಾಕಳಿಯಿಂದ ಪೀಣ್ಯದ ಈ ಶೆಡ್ಡಿನವರೆಗೆ ಪಿಕಪ್ಪನ್ನು ಓಡಿಸಿಕೊಂಡು ಬಂದವಳೂ ಅವಳೇ. ಮೈದುನ ಮುನಿಕೃಷ್ಣ ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ಫೋನು ಉಜ್ಜುತ್ತ ಕೂತಿದ್ದ. ಆದರೂ ಹನುಮೇಶನ ಕಣ್ಣು ಎದುರಿಗಿದ್ದ ಅವಳನ್ನು ದಾಟಿ, ಹಿಂದೆ ಬಿಳಿ ಅಂಗಿ ತೊಟ್ಟು ನಿಂತವನ ಮೇಲೆ ಹೋಗಿ ಕೂತಿತು.

"ಮೂರು" ಎಂದ ಮುನಿಕೃಷ್ಣ.

"ಒಂದೂವರೆ" ಎಂದಳು ವನಜಾ.

"ಅತ್ಗೆ, ನೀನು ಸುಮ್ಕಿರು. ಇದು ಗಾಡಿ ವಿಚಾರ, ಹುಳಿ ಸಾರಿನ ವಿಚಾರ ಅಲ್ಲ" ಎಂದು ಅವನು ನಕ್ಕ. ಹನುಮೇಶನೂ ನಗಲಿ ಎಂದು ಅವನ ಕಡೆ ನೋಡಿದ. ಹನುಮೇಶ ನಗಲಿಲ್ಲ. ಕುಷ್ಟಗಿ ಕಡೆಯವನು, ಈ ಶೆಡ್ಡಿಗೆ ಬಂದು ಆರು ವರ್ಷವಾಗಿದ್ದರೂ ಮನೆಯವರ ಜಗಳದ ನಡುವೆ ಬಾಯಿ ಹಾಕಬಾರದೆಂಬುದನ್ನು ಊರಿನಿಂದಲೇ ಕಲಿತು ಬಂದಿದ್ದ. ಹೋಗಿ ಜಾಕ್ ಎಳೆದುಕೊಂಡು ಬಂದ.

ವನಜಾಳ ಸಿಟ್ಟು ಇವತ್ತು ಬೆಳಿಗ್ಗೆಯದೇನೂ ಅಲ್ಲ. ಮಳೆಗಾಲಕ್ಕೆ ಮುಂಚೆ ಅವರ ಮನೆಯ ಹಿಂದಿನ ಲೇಔಟಿನವರು ರಸ್ತೆಗೆ ಕಾಂಕ್ರೀಟು ಹಾಕಿಸಿದ್ದರು. ಹಾಕಿಸಿದವರು ಅದನ್ನು ಒಂದು ಅಡಿ ಎತ್ತರಿಸಿಬಿಟ್ಟರು. ಇವರ ಓಣಿ ಇದ್ದಲ್ಲೇ ಉಳಿಯಿತು. ಗಾಡಿ ಮನೆಗೆ ಇಳಿಯಬೇಕಾದರೆ ಓಣಿಯ ಬಾಯಲ್ಲಿ ಮೂತಿ ಮುಂದಕ್ಕೆ ಬಾಗಿ ಕಾಂಕ್ರೀಟಿಗೆ ಕೆರೆಯುತ್ತಿತ್ತು. ಇಂಜಿನ್ನಿನ ಕೆಳಗಿನ ತಗಡು ಎರಡು ಸಲ ಕಿತ್ತು ಬಂದಿತ್ತು. ಲೇಔಟಿನ ಸಂಘದವರನ್ನು ಕೇಳಿದರೆ ಪಂಚಾಯ್ತಿಯವರನ್ನು ಕೇಳಿ ಎಂದರು. ಪಂಚಾಯ್ತಿಯವರು ಲೇಔಟಿನವರನ್ನು ಕೇಳಿ ಎಂದರು. ಸಂಘದ ಸಿದ್ಧಾರ್ಥ್ ಎಂಬುವವನಂತೂ ಗೇಟಿನೊಳಗೇ ನಿಂತು, "ಗಾಡಿ ಮುಂಭಾಗ ಸ್ವಲ್ಪ ಲಿಫ್ಟ್ ಮಾಡಿಸ್ಕೊಳ್ಳಿ ಮೇಡಂ, ಈಗೆಲ್ಲ ಮಾಡಿಸ್ತಾರೆ" ಎಂದು ಬುದ್ಧಿ ಹೇಳಿದ. ರಸ್ತೆ ಕೆಡಿಸಿದವರು ಇವರು, ಗಾಡಿ ಬದಲಿಸಬೇಕಾದವಳು ತಾನು! ಆ ಮಾತು ವನಜಾಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡೇ ಇತ್ತು.

ಭಾನುವಾರವೊಂದನ್ನು ಬಿಟ್ಟು ದಿನವೂ ಮಧ್ಯಾಹ್ನ ಅವಳು ಪೀಣ್ಯದ ಮೂರು ಕಾರ್ಖಾನೆಗಳಿಗೆ ಊಟ ಒಯ್ಯುತ್ತಾಳೆ. ಬೆಳಿಗ್ಗೆ ಅತ್ತೆ ಲಕ್ಷ್ಮಮ್ಮನ ಜೊತೆ ಸೇರಿ ಬೇಯಿಸಿದ ಅನ್ನ, ಮುದ್ದೆ, ಎರಡು ದೊಡ್ಡ ಡಬರಿಯ ತುಂಬ ಸಾರು. ಹಗ್ಗ ಬಿಗಿದು ಹಿಂದೆ ಕಟ್ಟಿದರೆ, ಸಾರು ಎಷ್ಟು ಅಲುಗಿತು ಎಂಬುದರ ಮೇಲೇ ರಸ್ತೆ ಹೇಗಿದೆ ಎಂದು ಹೇಳಬಲ್ಲಳು. ಅವಳ ಗಂಡ ದಾಸಪ್ಪ ಆ ಮೂರರಲ್ಲೊಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ತಗಡು ಒತ್ತುವ ಪ್ರೆಸ್ ಓಡಿಸಿದವನು. ಎರಡು ವರ್ಷದ ಹಿಂದೆ ಆ ಪ್ರೆಸ್ಸು ಅವನ ಎಡಗೈಯ ಮೂರು ಬೆರಳನ್ನು ತಿಂದುಕೊಂಡಿತು. ಹೆಬ್ಬೆರಳು, ತೋರುಬೆರಳು ಉಳಿದವು. ಪರಿಹಾರ ಎಂದು ಬಂದ ಹಣ ಈ ಗಾಡಿಯಾಯಿತು. ಗೇರು ಇರುವುದು ಎಡಗಡೆ. ಹಾಗಾಗಿ ಬಿಡುವಾದಾಗಲೆಲ್ಲ ಖಾಲಿ ಸೈಟಿನಲ್ಲಿ ಸುತ್ತಿ ಸುತ್ತಿ ಓಡಿಸಲು ಕಲಿತವಳು ವನಜಾ.

ಪರಿಹಾರದ ಹಣ ಗಾಡಿಗೆ ಸಾಕಾಗದೆ ಮಾಡಿದ ಸಾಲಕ್ಕೆ ಕಾಗದ ಪತ್ರ ಸರಿಯಿದ್ದವರು ಬೇಕಾಗಿತ್ತು. ಬಾಡಿಗೆಗೆ ಬಿಡುವ ಮನೆ ಕಟ್ಟಿಸಿಕೊಂಡು ಕುಳಿತಿದ್ದ ಮುನಿಕೃಷ್ಣ ಸಹಿ ಹಾಕಿದ. ಗಾಡಿ ಅವನ ಹೆಸರಿಗೇ ಆಯಿತು. "ಹೆಸರು ಯಾರ್ದಾದ್ರೇನು, ಗಾಡಿ ನಿಂದೇ ಕಣಣ್ಣ" ಎಂದಿದ್ದ. ಆಸ್ಪತ್ರೆಯ ಮಂಚದ ಮೇಲಿದ್ದ ದಾಸಪ್ಪ ತಲೆಯಾಡಿಸಿದ್ದ. ಕಂತನ್ನು ತಿಂಗಳು ತಿಂಗಳೂ ಕಟ್ಟುತ್ತಿರುವುದು ಮಾತ್ರ ಸಾರಿನ ಡಬರಿ.

ಇವತ್ತು ಬೆಳಿಗ್ಗೆ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ದಾಸಪ್ಪ ಕುಕ್ಕರಗಾಲಲ್ಲಿ ಕೂತು ಕೆರೆದ ಜಾಗ ನೋಡಿದ. ಅನ್ನಕ್ಕೆ ನೀರಿಡುವಾಗ ಬೆರಳಿನ ಗೆರೆ ನೋಡುವಂತೆ, ಉಳಿದ ಎರಡು ಬೆರಳನ್ನು ಜೋಡಿಸಿ ತಗಡಿನ ಪಕ್ಕಕ್ಕೆ ಹಿಡಿದ.

"ಎರಡು ಬೆಳ್ಳು ಎತ್ತುಸ್ದ್ರೆ ಸಾಕು. ಅದಕ್ಕಿಂತ ಜಾಸ್ತಿ ಬ್ಯಾಡ. ಸಾರು ಹಿಂದಕ್ಕೆ ಚೆಲ್ತದೆ."

ವನಜಾ ಟೇಪು ಹಿಡಿದು ನೋಡಿದಳು. ಒಂದೂವರೆ ಇಂಚು. "ನೀವೂ ಬನ್ನಿ" ಎಂದಳು.

"ಕೃಷ್ಣ ಬತ್ತಾನಲ್ಲ."

ಅಷ್ಟೇ. ಅವನು ಎದ್ದು ಲುಂಗಿ ಕೊಡವಿಕೊಂಡು ಒಳಗೆ ಹೋಗಿಬಿಟ್ಟ. ತಮ್ಮನ ವಿಷಯ ಬಂದರೆ ದಾಸಪ್ಪನ ಮಾತೆಲ್ಲ ಹೀಗೇ ಒಳಗೆ ಹೋಗಿಬಿಡುತ್ತಿತ್ತು. ವನಜಾ ಗೇರನ್ನು ಬೇಕಿದ್ದಕ್ಕಿಂತ ಜೋರಾಗಿ ಎಳೆದಳು.

ಈಗ ಹನುಮೇಶ ಗಾಡಿಯ ಮುಂದಿನ ಭಾಗವನ್ನು ಎತ್ತಿ, ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಎಡಗಡೆಯ ಚಕ್ರ ಬಿಚ್ಚಿದ. ಒಳಗಿನ ಸ್ಪ್ರಿಂಗಿನ ನೆತ್ತಿಯ ಮೇಲೆ ಬೆರಳಿಟ್ಟು ಹೇಳಿದ: "ಇಲ್ಲಿ ಮುಕ್ಕಾಲು ಇಂಚಿನ ಕಬ್ಬಿಣದ ಬಿಲ್ಲಿ ಕೂಡಿಸಿದ್ರ ಗಾಡಿ ಒಂದೂವರಿ ಇಂಚು ಏಳ್ತದ್ರಿ. ಮೂರು ಮಾಡಬೇಕಂದ್ರ ಸ್ಪ್ರಿಂಗಿನ ಇಡೀ ಸೆಟ್ಟ ಬದ್ಲಿ ಮಾಡಬೇಕು. ಚಕ್ರ ಹಿಡದಿರೋ ಬಾಲ್ ಜಾಯಿಂಟು ವರ್ಷದಾಗ ಸಡ್ಲಾಗಿ ಬಾಯಿ ತಗೀತಾವು. ಚಂದ ಕಾಣ್ತದ ಖರೆ."

"ಚಂದ ಕಾಣ್ಲಿ ಬಿಡು ಗುರು. ಸೆಟ್ ಬಂದೈತಲ್ಲ?"

"ಬಂದದ್ರಿ. ವಿನಾಯಕ್ ಸಾರ್ ಮೊನ್ನೇನ ತಂದಿಟ್ಟು ಹೋಗ್ಯಾರ." ಹನುಮೇಶ ಮೂಲೆಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಒಳಗೆ ಕೆಂಪು ಬಣ್ಣ ಬಳಿದ ದಪ್ಪ ಕಬ್ಬಿಣ ಮಿರುಗಿತು. ಪೆಟ್ಟಿಗೆಯ ಮೇಲೆ ಮುನಿಕೃಷ್ಣನ ಹೆಸರನ್ನು ಮಾರ್ಕರಿನಲ್ಲಿ ಬರೆದಿದ್ದರು. "ಸೀಟು ಹಿಂದಕ್ಕ ಸರಸಂತನೂ ಹೇಳ್ಯಾರ್ರಿ. ಅವ್ರ ಡ್ರೈವರ್ ಭಾಳ ಉದ್ದ ಅದಾನಂತ."

ವನಜಾ ಸೀಟಿನ ಮೇಲೆ ಒಂದು ದಿಂಬಿಟ್ಟುಕೊಂಡು ಓಡಿಸುವವಳು. ಆ ದಿಂಬು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

"ಯಾವ ಡ್ರೈವರು?" ಎಂದಳು.

ಮುನಿಕೃಷ್ಣ ಫೋನನ್ನು ಜೇಬಿಗಿಟ್ಟ. "ನಾಳೆ ಕುಂತ್ಕಂಡು ಯೋಳಾನ ಅಂತಿದ್ದೆ ಅತ್ಗೆ. ನನ್ ಫ್ರೆಂಡ್ ವಿನಾಯಕಂಗೆ ಸೈಟ್ ಕಾಂಟ್ರಾಕ್ಟ್ ಸಿಕ್ಕೈತೆ. ಹಳ್ಳ ದಿಣ್ಣೆ, ಎತ್ತರದ ಗಾಡಿನೇ ಬೇಕಂತೆ. ತಿಂಗ್ಳಾದ್ರೆ ಬಾಡಿಗೆ ಬಂದು ಬೀಳ್ತದೆ, ನಿಮಗೂ ಒಂದು ಪಾಲು ಕೊಡ್ತೀನಿ. ನೀನು ಬಿಸಿಲಾಗೆ ಅಲೆಯೋದೂ ತಪ್ತದೆ. ಊಟಕ್ಕೆ ಒಂದು ಆಟೋ ಮಾಡ್ಕಂಡ್ರಾಯ್ತು."

"ನಿಮ್ಮಣ್ಣಂಗೆ ಗೊತ್ತಾ?"

"ಅಣ್ಣ ಬ್ಯಾಡ ಅಂತಾನಾ?"

ಅದೇ ಅವಳಿಗೆ ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು. ಬ್ಯಾಡ ಅನ್ನುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಅವಳು ಮದುವೆಯಾಗಿ ಬಂದಾಗ ಇವನಿನ್ನೂ ಏಳನೇ ಕ್ಲಾಸು. ತಟ್ಟೆಯ ಮುಂದೆ ಕೂತು, "ಅತ್ಗೆ, ಇನ್ನೊಂದು ಚೂರು ಸಾರು" ಎನ್ನುತ್ತಿದ್ದ ಹುಡುಗ. ಆ ಹುಡುಗನ ಮುಖ ಈ ಬಿಳಿ ಅಂಗಿಯ ಮೇಲೆ ಎಲ್ಲಾದರೂ ಉಳಿದಿದೆಯೇ ಎಂದು ಅವಳು ಹುಡುಕಿದಳು. ಸಿಗಲಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹತ್ತಿರ ಹೋದಳು. ಸ್ಟ್ಯಾಂಡಿನ ಮೇಲೆ ನಿಂತಿದ್ದರಿಂದ ಮೆಟ್ಟಿಲು ಅವಳ ಸೊಂಟದ ಮಟ್ಟಕ್ಕಿತ್ತು. ಒಂದು ಸಲ ಕಾಲು ಜಾರಿ ಮೊಣಕಾಲು ತಗಡಿಗೆ ಬಡಿಯಿತು. ಎರಡನೆಯ ಸಲ ಸ್ಟೀರಿಂಗನ್ನೇ ಹಿಡಿದು ಹತ್ತಿ, ದಿಂಬಿನ ಮೇಲೆ ಕೂತು ಬಾಗಿಲು ಹಾಕಿಕೊಂಡಳು.

"ಅಕ್ಕಾರ, ಇಳೀರಿ" ಎಂದು ಹನುಮೇಶ ಗಾಬರಿಯಾದ. "ಒಳಗ ಮಂದಿ ಕುಂತಾಗ ಗಾಡಿ ಕೆಳಗ ಕೈ ಹಾಕಂಗಿಲ್ರಿ. ನಮ್ಮ ಶೆಡ್ಡಿನ ಕಟ್ಟಳಿ ಅದು."

"ಗೊತ್ತಪ್ಪಾ. ಅದ್ಕೇ ಕುಂತಿರೋದು."

ಮುನಿಕೃಷ್ಣ ಗಾಡಿಯ ಮುಂದೆ ಬಂದು ನಿಂತ. "ಅತ್ಗೆ, ಜನ ನೋಡ್ತಾವ್ರೆ. ಇಳಿ."

"ನೋಡ್ಲಿ. ನೀನು ಅಲ್ಲೇ ನಿಂತ್ಕಂಡಿರು. ಇಷ್ಟು ಎತ್ತರದಿಂದ ನಿನ್ ಅಂಗಿ ಕಾಣಕಿಲ್ಲ ಕಣಪ್ಪಾ. ಬರೀ ಮೂತಿ ಕಾಣ್ತೈತೆ. ಒಂದು ಮಗು ಅಡ್ಡ ಬಂದ್ರೆ ಅದೂ ಕಾಣಕಿಲ್ಲ."

"ನೀನು ಓಡಿಸೋದೇ ಬ್ಯಾಡ ಅಂತ ತಾನೇ ನಾನು ಯೋಳ್ತಿರೋದು!" ಅವನ ದನಿ ಏರಿತು. ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. "ಗಾಡಿ ನಂದು. ಆರ್‌ಸಿ ತಗದು ನೋಡು, ಯಾರ ಹೆಸ್ರೈತೆ ಅಂತ. ಮನೇಲಿ ಇಂಗೆ ಕುಂತ್ರೆ ಅಣ್ಣ ನಿನ್ ಮಾತು ಕೇಳ್ತಾನೆ, ಇಲ್ಲಿ ಕೇಳೋರ್ ಯಾರೂ ಇಲ್ಲ!"

ವನಜಾ ಕಿಟಕಿಯ ಗಾಜನ್ನು ಕೆಳಗಿಳಿಸಿದಳು. ಕೂಗಬೇಕೆಂದಿದ್ದಳು. ಆದರೆ ದನಿ ಬಂದದ್ದು ಸಣ್ಣಗೆ.

"ಆರ್‌ಸಿ ನಿಂದು ಕಣಪ್ಪಾ. ಬೆಳ್ಳು ಯಾರ್ದು?"

ಭಾನುವಾರವಾದರೂ ಹಿಂದಿನ ಬೀದಿಯಲ್ಲೊಂದು ಪ್ರೆಸ್ಸು ಓಡುತ್ತಿತ್ತು. ದಡಕ್ ಎಂದು ಬೀಳುವುದು, ಏಳುವುದು, ಮತ್ತೆ ದಡಕ್ ಎನ್ನುವುದು. ಹನುಮೇಶ ಕೈಯಲ್ಲಿದ್ದ ಸ್ಪಾನರನ್ನು ನೆಲಕ್ಕಿಟ್ಟು, ಎಣ್ಣೆ ಮೆತ್ತಿದ ತನ್ನ ಅಂಗೈಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಮುನಿಕೃಷ್ಣ ಫೋನು ತೆಗೆದುಕೊಂಡು ಹೊರಗೆ ಹೋದ. ಬೇವಿನ ಮರದ ಕೆಳಗೆ ಹಿಂದೆ ಮುಂದೆ ನಡೆಯುತ್ತ ವಿನಾಯಕನ ಜೊತೆ ಮಾತಾಡಿದ. "ಇಲ್ಲ ಮಚ್ಚಾ, ಇವತ್ತಾಗಲ್ಲ... ಹೆಂಗಸ್ರು ಕಣೋ, ಏನ್ ಮಾಡೋದು" ಎಂಬುದು ಮಾತ್ರ ಕೇಳಿಸಿತು. ಅರ್ಧ ಗಂಟೆ ಕಳೆಯಿತು. ಬಿಸಿಲು ತಗಡಿನ ಮೇಲೆ ಕಾಯುತ್ತಿತ್ತು. ಅವಳ ಬೆನ್ನೆಲ್ಲ ಬೆವತಿತ್ತು. ಇಳಿಯಲಿಲ್ಲ.

ಕೊನೆಗೆ ಅವನು ಒಳಗೆ ಬಂದ. "ಹೆಸ್ರು ನಂದೇ ಅತ್ಗೆ. ಇವತ್ತಲ್ಲ ನಾಳೆ ಬೀಗ ಕೊಡಲೇಬೇಕು ನೀನು."

"ನಾಳೆ ಬಾ. ಊಟದೊತ್ಗೇ ಬಾ. ಬಡಿಸ್ತೀನಿ, ಉಣ್ಣು. ಬೀಗ ಮಾತ್ರ ಕೇಳಬ್ಯಾಡ."

ಅವನು ಪೆಟ್ಟಿಗೆಯನ್ನು ಒಮ್ಮೆ ಒದ್ದ. ಒಳಗೆ ಕಬ್ಬಿಣವಿದ್ದದ್ದು ಕಾಲಿಗೆ ತಿಳಿದಿರಬೇಕು. ಕುಂಟುತ್ತಲೇ ರಸ್ತೆಗೆ ಹೋಗಿ ಆಟೋ ಹತ್ತಿದ.

ಹನುಮೇಶ ಬಗ್ಗಿ ಪೆಟ್ಟಿಗೆಯ ಬಾಯಿ ಮುಚ್ಚಿ, ಅದನ್ನು ಕಾಲಿನಿಂದಲೇ ಮೂಲೆಗೆ ಸರಿಸಿದ. ಆಮೇಲೆ ಗಾಡಿಯ ಕಿಟಕಿಯ ಹತ್ತಿರ ಬಂದು ತಲೆಯೆತ್ತಿ ನೋಡಿದ.

"ಎಷ್ಟು ಇಂಚ್ರಿ ಅಕ್ಕಾರ?"

"ಒಂದೂವರೆ."

"ಸೀಟು?"

"ಮುಂದಕ್ಕೆ ಇನ್ನೊಂದು ಚೂರು ಎಳಿ."

ಅವಳು ಇಳಿದ ಮೇಲೆ ಹಿಡಿದ ಕೆಲಸ ಮುಗಿಯುವಾಗ ಮೂರು ಗಂಟೆ. ಚಕ್ರಗಳನ್ನು ನೇರ ಮಾಡಿ, ಲೈಟನ್ನು ತುಸು ಕೆಳಗೆ ತಿರುಗಿಸಿ ಆದಮೇಲೆ ಹನುಮೇಶ ಮುಗಿಯಿತೆಂದ. ಅವಳು ಮುಗಿಯಿತೆನ್ನಲಿಲ್ಲ. ಮನೆಯಿಂದ ತಂದಿದ್ದ ಸಾರಿನ ಖಾಲಿ ಡಬರಿಯನ್ನು ಇಳಿಸಿ ಶೆಡ್ಡಿನ ನಲ್ಲಿಯಿಂದ ನೀರು ತುಂಬಿದಳು. ಅಂಚಿಗೆ ಎರಡು ಬೆರಳು ಬಿಟ್ಟು, ಕಂಠದ ಗೆರೆಯ ತನಕ. ದಿನದ ಭಾರ ಬೇಕೆಂದು ಹನುಮೇಶನಿಂದ ಎರಡು ಹಳೆಯ ಗೇರ್‌ಬಾಕ್ಸು ಹಿಂದೆ ಹೇರಿಸಿ, ಡಬರಿಯನ್ನು ಅದರ ಜಾಗದಲ್ಲಿಟ್ಟು ಬಗ್ಗಿ ನೋಡಿದಳು. ನೀರು ಹಿಂದಕ್ಕೆ ಒಂದು ಎಳೆಯಷ್ಟು ಹೆಚ್ಚು ನಿಂತಿತ್ತು. ಗೆರೆ ದಾಟಿರಲಿಲ್ಲ.

"ಆತ್ರ್ಯಾ?" ಎಂದ ಹನುಮೇಶ.

"ಆಯ್ತು."

"ನಮ್ಮವ್ವನೂ ಹಿಂಗ್ರಿ. ಕಟ್ಟಿ ಮಟ್ಟ ಅದನೋ ಇಲ್ಲೋ ಅಂತ ನೀರು ಇಟ್ಟ ನೋಡಾಕಿ. ಕಟ್ಟಿ ಕಟ್ಟೋ ಗೌಂಡಿ ಮಾತು ನಂಬತಿರಲಿಲ್ಲ."

ಅವನು ಗೇರ್‌ಬಾಕ್ಸುಗಳನ್ನು ಇಳಿಸಿಕೊಂಡ. ಡಬರಿಯ ನೀರನ್ನು ಚೆಲ್ಲಲು ಹೋದಾಗ ಅವಳು ಬೇಡವೆಂದು, ಹಗ್ಗ ಬಿಗಿದು ಹಾಗೆಯೇ ಹೊರಟಳು.

ತುಮಕೂರು ರಸ್ತೆಯುದ್ದಕ್ಕೂ ಅವಳ ಸಿಟ್ಟು ಇಳಿಯಲಿಲ್ಲ. ಇವತ್ತು ಗೆದ್ದದ್ದು ಒಂದು ಮಧ್ಯಾಹ್ನ, ಅಷ್ಟೇ. ಕಾಗದದ ಮೇಲಿನ ಹೆಸರು ಇದ್ದಲ್ಲೇ ಇತ್ತು. ಲೇಔಟಿನ ಗೇಟಿನ ಮುಂದೆ ಸಿದ್ಧಾರ್ಥ್ ನಾಯಿ ಹಿಡಿದುಕೊಂಡು ನಿಂತಿದ್ದವನು, ಎತ್ತರವಾದ ಗಾಡಿಯನ್ನು ನೋಡಿ ಹೆಬ್ಬೆರಳೆತ್ತಿ ತೋರಿಸಿದ. ಅವಳು ಹಾರನ್ನನ್ನು ಒತ್ತಿ ಹಿಡಿದು, ಅವನನ್ನು ದಾಟುವ ತನಕ ಬಿಡಲಿಲ್ಲ.

ಓಣಿಯ ಬಾಯಲ್ಲಿ ದಾಸಪ್ಪ ಮೋರಿಯ ಕಲ್ಲಿನ ಮೇಲೆ ಕೂತಿದ್ದ. ಎಷ್ಟು ಹೊತ್ತಿನಿಂದಲೋ, ಸುತ್ತಲೂ ಬೀಡಿ ತುಂಡು ಬಿದ್ದಿದ್ದವು. ಅವಳು ಗಾಡಿಯನ್ನು ಮೆಲ್ಲಗೆ ಇಳಿಸಿದಳು. ಮೂತಿ ಬಾಗಿತು. ದಿನವೂ ಹಲ್ಲು ಕಚ್ಚಿಕೊಂಡು ಕಾಯುವ ಆ ಕೆರೆತ ಬರಲಿಲ್ಲ. ಗಾಡಿ ಬಾಗಿದ್ದಲ್ಲೇ ನಿಲ್ಲಿಸಿದಳು.

ದಾಸಪ್ಪ ಎದ್ದು ಬಂದು ಮುಂದೆ ಕುಕ್ಕರಿಸಿದ. ಬಾನೆಟ್ಟಿನ ಅಂಚಿನಾಚೆ ಅವನ ನೆತ್ತಿ, ಒಂದು ಹೆಗಲು ಕಾಣುತ್ತಿತ್ತು. ತಗಡಿಗೂ ಕಾಂಕ್ರೀಟಿಗೂ ನಡುವೆ ಎಡಗೈ ಹಾಕಿದ.

"ಅಳತೆ ಸರಿಯಾಗೈತೆ" ಎಂದ.

"ಅಳತೆ ಕೇಳ್ಲಿಲ್ಲ ನಾನು." ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು. "ನಾಳೆ ನಿಮ್ ತಮ್ಮ ಬತ್ತಾನೆ, ಗಾಡಿ ಕೇಳಕ್ಕೆ. ವಿನಾಯಕನ ಡ್ರೈವರ್ ರೆಡಿ ಇದ್ದಾನಂತೆ. ನೀವು ಬ್ಯಾಡ ಅನ್ನಲ್ಲ ಅಂತ ಅವನಿಗೆ ಬಲೇ ನಂಬ್ಕೆ. ಮಾತಾಡ್ತೀರೋ, ಒಳಗೋಗಿ ಕುಂತ್ಕಂತೀರೋ?"

ಬೆಳಿಗ್ಗೆ ಒಳಗೆ ಹೋದವನು ಈಗ ಎದ್ದು ಹೋಗಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

"ಕೈ ತೆಗೀರಿ, ಗಾಡಿ ಇಳುಕಲಲ್ಲೈತೆ" ಎಂದು ಅವಳು ಕೂಗಿದಳು.

ಹಿಂದೆ ಡಬರಿಯೊಳಗೆ ನೀರು ಎರಡು ಸಲ ತೂಗಿ ಸುಮ್ಮನಾಯಿತು. ದಾಸಪ್ಪ ಇನ್ನೂ ಹಾಗೆಯೇ ಕೂತಿದ್ದ, ಆ ಎರಡು ಬೆರಳು ಕಬ್ಬಿಣಕ್ಕೂ ನೆಲಕ್ಕೂ ನಡುವೆ. ವನಜಾ ಬ್ರೇಕನ್ನು ತಳ ಮುಟ್ಟುವ ತನಕ ಒತ್ತಿ ಹಿಡಿದಿದ್ದಳು. ಅವಳು ಕಾಲು ತೆಗೆಯಲಿಲ್ಲ.