ಬಡೇಬೀಯ ಮಡಿಲಲ್ಲಿ ಭೀಮಿ

ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗಳನ್ನು ಶೇಖಮ್ಮ ನೆರೆಮನೆಯವರ ಕೈಗೂ ಕೊಟ್ಟವಳಲ್ಲ. ಅಂಥವಳು ಎಪ್ಪತ್ತೆಂಟರ ದಸರಾ ರಜೆಯಲ್ಲಿ, ರಾಯಚೂರಿನ ಲಾಡ್ಜೊಂದರ ಕೋಣೆಯಲ್ಲಿ, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮುದುಕಿಯ ಎದುರು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

ಗಂಡ ಮೌನಪ್ಪ ಮಾನ್ವಿಯಲ್ಲಿ ಗುಮಾಸ್ತ. ಅವಳು ಅಲ್ಲಿಯೇ ಶಾಲೆಯ ಟೀಚರು. ಊರು ನೋಡಲೆಂದೇ ಇಬ್ಬರೂ ಹೊರಟದ್ದು ಇದೇ ಮೊದಲು. ಕೋಟೆಯ ಗುಡ್ಡ ಹತ್ತಬೇಕೆಂದು ಓದುವ ಕಾಲದಿಂದಲೂ ಅವಳಿಗೆ ಆಸೆ. ಆದರೆ ಕೂಸು ಭೀಮಿಗೆ ನೆಗಡಿ, ಮೇಲೆ ಬಿಸಿಲು. ಲಾಡ್ಜಿನ ಮ್ಯಾನೇಜರ್ ಅಬ್ದುಲ್ ವಹೀದ್ ತಾನಾಗಿಯೇ ಒಂದು ದಾರಿ ಹೇಳಿದ್ದ.

"ನಮ್ಮ ಓಣ್ಯಾಗ ಬಡೇಬೀ ಖಾಲಾ ಅದಾಳ್ರೀ. ಕೂಸು ನೋಡ್ಕೊಂತಾಳ. ನನ್ನನ್ನೂ ಆಕೀನೇ ಉಣಿಸಿ ಬೆಳೆಸ್ಯಾಳ."

"ಅದು ನೋಡಿದ್ರನ ಗೊತ್ತಾಗ್ತದ ಬಿಡ್ರಿ," ಎಂದು ಮೌನಪ್ಪ ಅವನ ಹೊಟ್ಟೆ ನೋಡಿ ನಕ್ಕಿದ್ದ.

ಬಡೇಬೀ ಕೂಸಿಗೆ ಕೈ ಚಾಚಲಿಲ್ಲ. ಬಾಗಿಲ ಬಳಿ ಕುಳಿತು, ಸಂಚಿಯಿಂದ ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರುತ್ತ ತನ್ನ ಪಾಡಿಗೆ ತಾನಿದ್ದಳು. ಭೀಮಿ ಅಮ್ಮನ ಹೆಗಲ ಮೇಲಿಂದ ಇಣುಕಿತು. ಆಮೇಲೆ ಕೆಳಗಿಳಿಯಿತು. ಎಲೆಯ ತೊಟ್ಟೊಂದನ್ನು ತಂದು ಅಮ್ಮನಿಗೆ ತೋರಿಸಿ, ಮತ್ತೆ ಮುದುಕಿಯ ಪಕ್ಕದಲ್ಲೇ ಹೋಗಿ ಕುಳಿತುಬಿಟ್ಟಿತು.

"ಬರ್ತೀವಿ ಯವ್ವಾ," ಎಂದಳು ಶೇಖಮ್ಮ.

ಏನೋ ಕೇಳಲು ಬಾಯಿ ತೆರೆದ ಮುದುಕಿ ಅಷ್ಟಕ್ಕೇ ತಡೆದು, "ಹೋಗಿ ಬರ್ರಿ ಬೇಟಾ," ಎಂದಳು.

ಗುಡ್ಡದ ಮೇಲೆ ಗಾಳಿ ತಂಪಾಗಿತ್ತು. ಕೆಳಗೆ ಕೆರೆ, ಅದರ ಸುತ್ತ ಊರಿನ ಮಾಳಿಗೆಗಳು. ಮೌನಪ್ಪ ಕೈ ಮಾಡಿ ಒಂದೊಂದೇ ತೋರಿಸುತ್ತಿದ್ದ. ಶೇಖಮ್ಮನಿಗೆ ಮಾತ್ರ ಎದೆ ಬಿಗಿದು ಕುಪ್ಪಸ ಒದ್ದೆಯಾಗತೊಡಗಿತ್ತು.

"ಕೂಸು ಹಸಿದದ. ನಡೀರಿ."

"ಇನ್ನಾ ಬಂದು ಕುಂತಿಲ್ಲಲ್ಲ!" ಎಂದರೂ ಅವನು ಎದ್ದ. ಬೇಗ ಆಗಲೆಂದು ಇಬ್ಬರೂ ಕೆರೆಯ ಕಡೆಯ ಕಾಲುದಾರಿ ಹಿಡಿದು ಇಳಿದರು.

ಬಂದು ನೋಡಿದರೆ ಕೋಣೆಗೆ ಬೀಗ.

"ಕೂಸು ಭಾಳ ಅಳಾಕತ್ತಿತ್ರೀ. ಎತ್ತಿಕೊಂಡು ಹೊರಗ ಹೋದ್ಳು," ಎಂದ ವಹೀದ್.

"ಎಲ್ಲಿಗೆ?"

"ನಾ ಕೇಳ್ಲಿಲ್ರೀ."

ಗುರುತಿಲ್ಲದವರ ಕೈಗೆ ಹಡೆದ ಕೂಸನ್ನು ಕೊಟ್ಟು ಗುಡ್ಡ ನೋಡಲು ಹೋದೆನಲ್ಲ ಎಂದು ಶೇಖಮ್ಮ ತನ್ನನ್ನೇ ಬೈದುಕೊಂಡಳು. ವಹೀದ್ ದುಡ್ಡಿನ ಗಲ್ಲೆಯನ್ನು ಇದ್ದ ಹಾಗೆಯೇ ಬಿಟ್ಟು ಹೊರಗೆ ಬಂದ. "ಇಲ್ಲಿ ಕುಂತ್ರ ಜೀವ ನಿಲ್ಲಂಗಿಲ್ಲ ಅಕ್ಕಾ. ನಡೀರಿ, ನಾನೂ ಬರ್ತೀನಿ."

ಬಳೆ ಅಂಗಡಿಯವಳು ಟಾಕೀಜಿನ ಕಡೆ ಕೈ ತೋರಿಸಿದಳು. ಟಾಕೀಜಿನ ಬಾಗಿಲು ಕಾಯುವವ ನಗುತ್ತಲೇ ಹೇಳಿದ: "ಒಳಗ ಮಾನ್ವಿ ಮಂದಿ ಅದಾರೇನು ಅಂತ ಕೇಳಿದ್ಳು. ಆಟನ ಶುರು ಆಗಿಲ್ಲ ಬೇ ಅಂದೆ. ಕೋಟಿ ಕಡಿ ಹೋದ್ಳು ನೋಡ್ರಿ."

ಕೋಟೆಯ ಬಾಗಿಲ ಕಲ್ಲಿನ ಮೇಲೆ ಬಡೇಬೀ ಕುಳಿತಿದ್ದಳು. ಮಡಿಲಲ್ಲಿ ಭೀಮಿ ಅತ್ತು ಅತ್ತು ಸಾಕಾಗಿ ಮಲಗಿತ್ತು. ಮುದುಕಿ ಸೆರಗನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕೂಸಿನ ಮುಖಕ್ಕೆ ನೆರಳು ಮಾಡಿದ್ದಳು. ತನ್ನ ತಲೆಯೆಲ್ಲ ಬಿಸಿಲು. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಉಂಗುಷ್ಠ ಕಿತ್ತ ಇನ್ನೊಂದು ಪಕ್ಕದಲ್ಲಿ ಬಿದ್ದಿತ್ತು.

"ಏನ್ ಯವ್ವಾ ನೀನು!" ಮೌನಪ್ಪನ ದನಿ ಏರಿತು. "ನಾವು ಹೋಗೋವಾಗನ ಎಲ್ಲಿಗಂತ ಒಂದ್ ಮಾತು ಕೇಳಾಕ ಏನಾಗಿತ್ತು?"

"ಹೊಂಟವರನ್ನ ಎಲ್ಲಿಗಂತ ಕೇಳ್ತಾರೇನಪ್ಪಾ? ಹೋದ ಕೆಲಸ ಕೆಡಂಗಿಲ್ಲೇನು?" ಮುದುಕಿಯ ಕಣ್ಣು ತುಂಬಿತ್ತು. "ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಕೂಸು ಹಾಲು ಕೊಟ್ರೂ ಕುಡೀಲಿಲ್ಲ. ಅವ್ವ ಬೇಕು ಅಂತ ಒಂದೇ ಹಟ. ಊರು ನೋಡೋ ಮಂದಿ ಎಲ್ಲಿ ಹೋಗ್ತಾರ ಅಂತ ಹುಡುಕ್ಕೊಂತ ಬಂದೆ."

ಮನೆಯಲ್ಲಿ ಚೀಲ ಹಿಡಿದು ಹೊಸ್ತಿಲು ದಾಟುವಾಗ ಯಾರಾದರೂ ಎಲ್ಲಿಗೆಂದು ಕೇಳಿದರೆ ಮರಳಿ ಬಂದು, ನೀರು ಕುಡಿದು ಹೊರಡುವವನು ಮೌನಪ್ಪನೇ. ಶೇಖಮ್ಮನೂ ಅಷ್ಟೇ, ಹೋಗುವ ಜಾಗ ಬಾಯಿಬಿಟ್ಟು ಹೇಳಬಾರದೆಂದೇ ಸುಮ್ಮನೆ ಹೊರಟಿದ್ದಳು.

ಎಚ್ಚರಾದ ಭೀಮಿ ಅಮ್ಮನನ್ನು ಕಂಡು ಕೈ ಚಾಚಿತು. ಶೇಖಮ್ಮ ಅಲ್ಲೇ ಕುಳಿತು ಹಾಲೂಡಿಸಿದಳು. ಬಡೇಬೀ ಎದ್ದು, ದಾರಿಗೆ ಬೆನ್ನು ಹಾಕಿ ಸೆರಗು ಅಗಲಿಸಿ ಮರೆಯಾಗಿ ನಿಂತಳು. "ನಾಳಿಗೆ ಬ್ಯಾರೆ ಯಾರನ್ನರ ನೋಡ್ಕೋ ಬೇಟಾ," ಎಂದಳು ಅತ್ತ ಮುಖವಿಟ್ಟುಕೊಂಡೇ.

ಮೌನಪ್ಪ ಬಗ್ಗಿ ಕಿತ್ತ ಚಪ್ಪಲಿ ಎತ್ತಿಕೊಂಡ. "ಅಯ್ಯೋ, ಅದನ್ನ ಮುಟ್ಟಬ್ಯಾಡಪ್ಪಾ!" ಎಂದು ಮುದುಕಿ ಕೂಗುತ್ತಿದ್ದಂತೆಯೇ ಅವನು ರಸ್ತೆ ದಾಟಿ, ಚಪ್ಪಲಿ ಹೊಲಿಯುವವನ ಮುಂದೆ ಕುಕ್ಕರಗಾಲಲ್ಲಿ ಕುಳಿತಾಗಿತ್ತು.

ಹೊಟ್ಟೆ ತುಂಬಿದ ಭೀಮಿ ಕಾಲು ಆಡಿಸತೊಡಗಿತು. ಶೇಖಮ್ಮ ಕುಪ್ಪಸ ಸರಿಪಡಿಸಿಕೊಂಡು, ಮುದುಕಿಯನ್ನು ಕೈಹಿಡಿದು ಕೂರಿಸಿ, ಕೂಸನ್ನು ಅವಳ ಮಡಿಲಿಗೆ ಹಾಕಿದಳು.

"ಸ್ವಲ್ಪ ಹಿಡ್ಕೋ ಯವ್ವಾ, ಮಾರಿ ತೊಳಕೊಂಡು ಬರ್ತೀನಿ."

ನಳ ಬಾಗಿಲಿನ ಆಚೆ ಬದಿಗಿತ್ತು. ಅಲ್ಲಿಂದ ಮುದುಕಿಯೂ ಕೂಸೂ ಕಾಣುತ್ತಿರಲಿಲ್ಲ. ಶೇಖಮ್ಮ ಅವಸರ ಮಾಡದೆ ಮುಖ ತೊಳೆದಳು; ಕಾಲಿಗೂ ನೀರು ಹಾಕಿಕೊಂಡಳು.