ಮೂರು ಐದು ಏಳು ಎಂಟು ಏಳು ಐದು

ಕಲೊಲೈನೆಯ ಫೋನಿಗೆ ಬಂದ ಕೋಡನ್ನು ಊರಿನಲ್ಲಿ ಮೊದಲು ಓದಿದ್ದು ಅವಳ ಸೋದರಮಾವ ಫಿಫಿಟಾ. ಓದಿದ ಅನ್ನುವುದಕ್ಕಿಂತ ಹಾಡಿದ ಅನ್ನಬೇಕು. ಟೋಂಗಾದ ವವಾಉ ದ್ವೀಪದಲ್ಲಿ ಚರ್ಚಿನ ಹಾಡುಗಳ ಸ್ವರ ಬರೆಯುವುದು ಅಂಕಿಗಳಲ್ಲಿ. ಸ ರಿ ಗ ಇರಬೇಕಾದ ಜಾಗದಲ್ಲಿ ಇಲ್ಲಿ ಮೂರು ನಾಲ್ಕು ಐದು. ಹಾಡುವ ಮೇಳದ ಗುರುವಾಗಿ ಅರ್ಧ ಆಯಸ್ಸು ಕಳೆದ ಫಿಫಿಟಾನ ಕಣ್ಣಿಗೆ ಯಾವ ಅಂಕಿ ಬಿದ್ದರೂ ಅದು ಗಂಟಲಿನಿಂದ ಹೊರಬಂದೇ ತೀರುತ್ತಿತ್ತು. ಮೀನಿನ ಅಂಗಡಿಯಲ್ಲಿ ತಕ್ಕಡಿ ನೋಡಿಕೊಂಡು ಗುನುಗುವ ಮನುಷ್ಯ ಅವನು.

"ಮೂರು ಐದು ಏಳು ಎಂಟು ಏಳು ಐದು," ಎಂದು ಎರಡು ಸಲ ಹಾಡಿ, "ಇದು ಕೋಡಲ್ಲ ಪುಟ್ಟಿ, ಒಳ್ಳೆ ರಾಗ," ಎಂದ.

ಕಲೊಲೈನೆಗೆ ರಾಗ ಬೇಕಿರಲಿಲ್ಲ, ಟಿಕೆಟ್ ಬೇಕಿತ್ತು. ಪರದೇಶದಲ್ಲಿರುವ ಮಕ್ಕಳು ಊರಿಗೆ ಹಣ ಕಳಿಸಲಿ ಎಂದು ಹೊನೊಲುಲುವಿನ ಹೊಸ ಕಂಪನಿಯೊಂದು ಆ್ಯಪ್ ಮಾಡಿತ್ತು. ನಿಮ್ಮ ಕೋಡ್ ಹಾಕಿ ಐವತ್ತು ಜನ ಸೇರಿದರೆ ಆಕ್ಲೆಂಡಿಗೆ ಹೋಗಿಬರುವ ವಿಮಾನದ ಟಿಕೆಟ್ ಬಹುಮಾನ, ಭಾನುವಾರ ಕೊನೆಯ ದಿನ ಎಂದು ಸಾರಿತ್ತು. ಆಕ್ಲೆಂಡಿನಲ್ಲಿ ಅವಳ ಅಣ್ಣ ಲಿಸಿಯಾಟೆ ಇದ್ದ. ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಲೇ ರಗ್ಬಿ ಆಡಿದವನು ಈಗ ಟೋಂಗಾ ದೇಶದ ತಂಡಕ್ಕೆ ಆಯ್ಕೆಯಾಗಿದ್ದ. ತಿಂಗಳ ಕೊನೆಗೆ ಅದೇ ಊರಿನಲ್ಲಿ ಪಂದ್ಯ, ಮೊದಲ ಸಲ ತಂಡದ ಕೆಂಪಂಗಿ ತೊಡುತ್ತಾನೆ. ಅವರಮ್ಮ ಟೇಪೊಲಾಳ ಪಾಸ್‌ಪೋರ್ಟಿಗೆ ವೀಸಾ ಬಂದು ಕೂತಿತ್ತು. ಟಿಕೆಟ್ಟಿಗೆಂದು ಕೂಡಿಟ್ಟದ್ದು ಮಾತ್ರ ದೊಡ್ಡಪ್ಪನ ಸಾವಿನ ಮನೆಗೆ ಪದ್ಧತಿಯಂತೆ ಒಯ್ಯಬೇಕಾದ ಹಂದಿ, ಚಾಪೆಗಳಾಗಿ ಹೋಗಿತ್ತು.

ಟೇಪೊಲಾ ಒಂದು ಕಾಲಕ್ಕೆ ಮೇಳದ ಮುಂದಾಳು ದನಿ. ಮಗ ವಿಮಾನ ಹತ್ತಿದ ವಾರದಿಂದ ಅವಳು ಹಾಡಲು ಬರುವುದನ್ನೇ ಬಿಟ್ಟಿದ್ದಳು. ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಬೈಯುವಾಗ ಅದೇ ಗಂಟಲು ಮೂರು ಮನೆಯಾಚೆ ಕೇಳಿಸುತ್ತಿತ್ತು. ಕೋಡಿನ ವಿಷಯ ಕೇಳಿ ಚಾಪೆ ಹೆಣೆಯುವುದನ್ನು ನಿಲ್ಲಿಸದೆಯೇ, "ನನ್ನ ಮಗನ್ನ ನಾನು ನೋಡೋಕೆ ಊರ ಮುಂದೆ ಕೈಯೊಡ್ಡಬೇಕೇನೇ?" ಎಂದಳು.

"ನೀನೇನೂ ಕೇಳೋದು ಬೇಡಮ್ಮ, ನಾನು ಕೇಳ್ತೀನಿ," ಎಂದಳು ಕಲೊಲೈನೆ.

ಕೇಳುವ ಕೆಲಸವನ್ನೂ ಮಾವನೇ ಹೊತ್ತುಕೊಂಡ. ಆ ಸಂಜೆಯ ಅಭ್ಯಾಸದಲ್ಲಿ ಕರಿಹಲಗೆಯ ಮೇಲೆ ಕೋಡನ್ನು ದಪ್ಪಗೆ ಬರೆದು, ಲಿಸಿಯಾಟೆಯ ಅಮ್ಮನಿಗಾಗಿ ಇದನ್ನು ಎಲ್ಲರೂ ಬಾಯಿಪಾಠ ಮಾಡಬೇಕು ಎಂದು ಅಪ್ಪಣೆ ಮಾಡಿದ. ಮೇಳ ಬಿದ್ದು ಬಿದ್ದು ನಕ್ಕಿತು, ಆಮೇಲೆ ಹಾಡಿತು. ಹೆಂಗಸರ ಮೇಲ್ದನಿ ಎತ್ತಿಕೊಂಡ ಕ್ಷಣಕ್ಕೆ ಗಂಡಸರ ಕೆಳದನಿ ತನ್ನದೇ ಸ್ವರಗಳೊಂದಿಗೆ ಬಂದು ಕೂಡಿಕೊಂಡಿತು, ನಡುವಿನ ದನಿಗಳು ತಾವೇ ಜಾಗ ಹುಡುಕಿಕೊಂಡವು. ಆರು ಅಂಕಿಯ ಕೋಡು ಚರ್ಚಿನ ಚಾವಣಿ ನಡುಗಿಸಿತು. ಹಾಡು ಬಾಯಿಗೆ ಬಂದ ಮೇಲೆ ಬರೆದುಕೊಳ್ಳುವ ಗೋಜು ಯಾರಿಗೆ ಬೇಕು? ಶಾಲೆಗೆ ಹೋಗುವ ಮಕ್ಕಳು ಹಾಡಿದರು, ಕಾವಾ ಬೇರಿನ ರಸ ಕುಡಿಯಲು ಕೂತ ಗಂಡಸರು ಹಾಡಿದರು. ಕಲೊಲೈನೆಗೆ ಎದುರಾದವರೆಲ್ಲ ಆಯ್ತು ಮಗಳೆ, ಆಯ್ತು ಎಂದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಣ್ಣನಿಗೆ ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು.

ಶನಿವಾರ ಸಂಜೆ ಫೋನು ತೆರೆದು ನೋಡಿದರೆ ಐವತ್ತರ ಅರ್ಧವೂ ಆಗಿರಲಿಲ್ಲ. ಯಾರನ್ನು ಹೋಗಿ ಕೇಳುವುದು? ಎಲ್ಲರೂ ಆಯ್ತು ಅಂದಿದ್ದರಲ್ಲ. ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ಈ ಊರಿನಲ್ಲಿಲ್ಲ. ಆಗದಿದ್ದರೂ ಆಯ್ತು ಅನ್ನುತ್ತಾರೆ, ಆಮೇಲೆ ಎದುರಿಗೆ ಸಿಗದಂತೆ ಬೇರೆ ದಾರಿ ಹಿಡಿಯುತ್ತಾರೆ.

ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತರು. ನೆಲದೊಲೆಯಿಂದ ತೆಗೆದ ಕೆಸುವಿನೆಲೆಯ ಪೊಟ್ಟಣಗಳಿಂದ ತೆಂಗಿನ ಹಾಲು ತೊಟ್ಟಿಕ್ಕುತ್ತಿತ್ತು. ಕೊನೆಗೆ ತಡೆಯಲಾರದೆ ಕಲೊಲೈನೆ, ನೀನಾದರೂ ಸೇರಿದ್ದೀಯಾ ಎಂದು ಮಾವನನ್ನು ಕೇಳಿದಳು.

ಫಿಫಿಟಾ ತಟ್ಟೆ ನೋಡಿದ. "ಸೇರೋಕೆ ಹೋದೆ ಪುಟ್ಟಿ. ಕೋಡ್ ತಪ್ಪು ಅಂತು ಅದು. ನಿನಗೆ ಹೇಗೆ ಹೇಳೋದು ಅಂತ ಸುಮ್ಮನಾದೆ. ನಮ್ಮ ಸಾಲಿನವರಿಗೆಲ್ಲ ಹಾಗೇ ಅಂತಂತೆ."

"ಯಾವ ಕೋಡ್ ಹಾಕಿದೆ?"

ಫಿಫಿಟಾ ಎದೆಯುಬ್ಬಿಸಿ ಹಾಡಿದ: "ಮೂರು ಮೂರು ಮೂರು ಆರು ಮೂರು ಮೂರು."

"ಮಾವ, ಅದು ನಿಮ್ಮ ಗಂಡಸರ ಕೆಳದನಿಯ ಸಾಲು," ಎಂದಳು ಕಲೊಲೈನೆ.

"ಮತ್ತೆ? ಗಂಡಸರು ಹೋಗಿ ಹೆಂಗಸರ ಸಾಲು ಹಾಡ್ತಾರೇನು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮೇಲ್ದನಿಯವರು ಮಾತ್ರ ಸರಿಯಾಗಿ ಸೇರಿದ್ದರು. ಉಳಿದ ಪ್ರತಿಯೊಬ್ಬರೂ ತಂತಮ್ಮ ಸಾಲನ್ನು ಒಂದು ಸ್ವರ ಆಚೀಚೆಯಾಗದಂತೆ ಒತ್ತಿ, ತಪ್ಪು ಅನ್ನಿಸಿಕೊಂಡು, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಅವಳ ಪಕ್ಕದಲ್ಲೇ ನಿಂತು ನಡುವಿನ ದನಿ ಹಾಡುವ ಗೆಳತಿಯರೂ ಹಾಗೆಯೇ ಮಾಡಿದ್ದರು. ಈಗಲೇ ಎಲ್ಲರ ಮನೆಗೂ ಓಡುತ್ತೇನೆ ಎಂದು ಅವಳು ಎದ್ದಳು.

"ಕೂತ್ಕೋ," ಎಂದಳು ಟೇಪೊಲಾ. "ಇವತ್ತು ಏನು ವಾರ?"

ಅಂಗಡಿ ತೆರೆಯದ, ವಿಮಾನ ಹಾರದ, ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದರೂ ಜನ ಆಡಿಕೊಳ್ಳುವ ವಾರ. ಭಾನುವಾರ ವ್ಯವಹಾರ ಮಾಡಿ ತಂದ ಟಿಕೆಟ್ಟಿನಲ್ಲಿ ತಾನು ವಿಮಾನಕ್ಕೆ ಕಾಲಿಡುವುದಿಲ್ಲ ಎಂದಳು ಟೇಪೊಲಾ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ತಟ್ಟೆಯಲ್ಲಿ ಬೆರಳು ಸುಮ್ಮನೆ ಆಡುತ್ತಿದ್ದುದನ್ನು ಮಗಳು ಕಂಡಳು. ಮಗನ ಆಟ ನೋಡುವ ಆಸೆ ಅಮ್ಮನಿಗೆ ಎಷ್ಟಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.

ಫಿಫಿಟಾ ಮಾತ್ರ ಕೆಸುವಿನೆಲೆ ಅಗಿಯುವುದನ್ನು ನಿಲ್ಲಿಸಿ ಏನೋ ಲೆಕ್ಕ ಹಾಕುತ್ತಿದ್ದ. "ಕಂಪನಿ ಹೊನೊಲುಲುದು ಅಂದ್ಯಲ್ಲ? ಬೆಳಿಗ್ಗೆ ನನ್ನ ಮಗಳು ಅಲ್ಲಿಂದ ಫೋನ್ ಮಾಡಿದ್ಲು. ಶನಿವಾರದ ಸಂತೇಲಿದೀನಪ್ಪ, ಆಮೇಲೆ ಮಾತಾಡ್ತೀನಿ ಅಂದ್ಲು."

"ಶನಿವಾರದ್ದಾ?"

"ಅವರು ನಮಗಿಂತ ಒಂದು ದಿನ ಹಿಂದೆ, ಪುಟ್ಟಿ. ಭಾನುವಾರ ಅವರಿಗಿನ್ನೂ ಬಂದೇ ಇಲ್ಲ. ಅವರ ಭಾನುವಾರ ಅಂದ್ರೆ ನಮ್ಮ ಸೋಮವಾರ."

ಕಲೊಲೈನೆ ಮಾವನ ಕೆನ್ನೆಗೆ ಮುತ್ತಿಟ್ಟು, ಆಮೇಲೆ ಅಮ್ಮನ ಮುಖ ನೋಡಿದಳು. ಹಾಗಾದರೆ ಅವರ ಭಾನುವಾರ ನಮ್ಮಿಂದ ಕೆಡುವುದಿಲ್ಲವೇ ಎಂದು ಟೇಪೊಲಾ ಕೇಳಿದಳು.

"ಅದನ್ನ ಅವರ ಪಾದ್ರಿ ನೋಡ್ಕೊಳ್ತಾರೆ ಬಿಡಕ್ಕ," ಎಂದ ಫಿಫಿಟಾ, ತಗ್ಗಿದ ದನಿಯಲ್ಲಿ. ಅಕ್ಕನೆದುರು ಅವನು ಎಂದೂ ದನಿಯೆತ್ತಿದವನಲ್ಲ.

ಸೋಮವಾರ ಬೆಳಗಾಗುತ್ತಲೇ ಚರ್ಚಿನ ಗಂಟೆ ಹೊಡೆಯಿತು. ಯಾರೋ ತೀರಿಕೊಂಡರೆಂದು ಹೆದರಿ ಬಂದವರನ್ನು ಫಿಫಿಟಾ ಬಾಗಿಲಲ್ಲೇ ಹಿಡಿದು ಒಳಗೆ ಕೂರಿಸಿದ. ಇವತ್ತು ಯಾರೂ ತಮ್ಮ ಸಾಲು ಹಾಡಕೂಡದು, ಎಲ್ಲರಿಗೂ ಮೇಲ್ದನಿಯೇ, ಹಾಡುತ್ತ ಹಾಡುತ್ತಲೇ ಅಂಕಿ ಒತ್ತಬೇಕು ಎಂದ. ಸುಣ್ಣ, ಸಿಮೆಂಟು ಹೊರುವ ಆಳೆತ್ತರದ ಗಂಡಸರು ಬೆರಳು ಫೋನಿನ ಮೇಲಿಟ್ಟು ಕಣ್ಣು ಮುಚ್ಚಿ ಕೀರಲು ದನಿಯಲ್ಲಿ ಹಾಡಿದರು. ಹೆಂಗಸರು ನಕ್ಕು ನಕ್ಕು ಸುಸ್ತಾದರು. ಒಂದೊಂದು ಫೋನು ಟಿಂಗೆಂದಾಗಲೂ ಒಳಗೆ ಚಪ್ಪಾಳೆ. ಮೂವತ್ತು ದಾಟಿತು, ನಲವತ್ತು ದಾಟಿತು. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದ. ಪಾದ್ರಿಗಳು ತಾವೂ ಸೇರಿ, ನಿನ್ನೆ ದುರಾಸೆಯ ಬಗ್ಗೆ ಹೇಳಿದ ಮಾತು ಇದಕ್ಕೆ ಅನ್ವಯಿಸುವುದಿಲ್ಲ ಎಂದರು.

ನಲವತ್ತೊಂಬತ್ತಕ್ಕೆ ಬಂದು ನಿಂತಿತು.

ಫೋನಿದ್ದವರೆಲ್ಲ ಮುಗಿದಿದ್ದರು. ಪಕ್ಕದೂರಿಗೆ ಹೋಗೋಣ ಎಂದರು ಕೆಲವರು. ಅಲ್ಲಿಯವರು ಬೇರೊಬ್ಬಳ ಕೋಡಿನಲ್ಲಿ ಆಗಲೇ ಸೇರಿಯಾಗಿದೆ ಎಂದರು ಇನ್ನು ಕೆಲವರು. ಆಗ ಬಾಗಿಲಲ್ಲಿ ಟೇಪೊಲಾ ನಿಂತಿದ್ದಳು. ಸೊಂಟಕ್ಕೆ ಚಾಪೆ ಸುತ್ತಿ ಚರ್ಚಿಗೆ ಬರುವ ಅಚ್ಚುಕಟ್ಟಿನಲ್ಲೇ ಬಂದಿದ್ದಳು. ಕೈಯಲ್ಲಿ ಕರವಸ್ತ್ರದ ಗಂಟು. ಲಿಸಿಯಾಟೆ ಕಳಿಸಿದ ಫೋನು ಅದು. ಅವನು ಕರೆದಾಗಲಷ್ಟೇ ಗಂಟು ಬಿಚ್ಚುತ್ತಿದ್ದಳು.

"ನನ್ನನ್ನ ಯಾರೂ ಕೇಳ್ಲೇ ಇಲ್ಲ," ಎಂದಳು.

"ನಿನ್ನನ್ನ ಹೇಗಮ್ಮ ಕೇಳೋದು?"

"ಬಾಯಲ್ಲಿ."

ಕಲೊಲೈನೆ ಕೇಳಿದಳು. ಹೆಸರು ತುಂಬಿಸಿ ಕೊಟ್ಟು, ಕೋಡು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟೇಪೊಲಾ ಕೈಯೆತ್ತಿ ತಡೆದಳು. ವಾರವೆಲ್ಲ ಊರು ಹಾಡಿದ್ದು ಅವಳ ಕಿವಿಗೂ ಬಿದ್ದಿತ್ತು. ಒಂದೊಂದೇ ಅಂಕಿ ಒತ್ತುತ್ತ ಅವಳು ಮೆಲ್ಲಗೆ ಹಾಡಿದಳು. ಮೂರು. ಐದು. ಏಳು. ಎಂಟರ ಹತ್ತಿರ ದನಿ ಒಡೆಯಿತು, ಅವಳು ನಿಲ್ಲಿಸಲಿಲ್ಲ. ಏಳು. ಐದು.

ಎರಡು ಫೋನೂ ಒಟ್ಟಿಗೆ ಟಿಂಗೆಂದವು. ಕಲೊಲೈನೆ ತೆರೆಯ ಮೇಲಿನ ಟಿಕೆಟ್ಟಿನ ಚಿತ್ರವನ್ನು ಎತ್ತಿ ಹಿಡಿದಳು. ಜನ ಕುಣಿದರು, ಬೆಂಚು ಉರುಳಿತು, ಪಾದ್ರಿಗಳ ಕನ್ನಡಕ ಎಲ್ಲೋ ಹೋಯಿತು. ಟೇಪೊಲಾಗೆ ಇದೊಂದೂ ಬೇಕಿರಲಿಲ್ಲ. ಅವಳು ಕರಿಹಲಗೆಗೆ ಎದುರಾಗಿ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತು, ಅದೇ ಸಾಲನ್ನು ಮತ್ತೆ ಮೊದಲಿನಿಂದ, ಈ ಸಲ ಗಂಟಲು ತುಂಬ, ಎತ್ತಿಕೊಂಡಳು. ಫಿಫಿಟಾ ಗಂಡಸರ ಕಡೆ ತಿರುಗಿ ಕೈ ಮೇಲೆತ್ತಿದ. ಬೆಳಗಿನಿಂದ ಬಿಗಿಹಿಡಿದುಕೊಂಡಿದ್ದ ಕೆಳದನಿಯವರು ತಮ್ಮ ಮೂರು ಮೂರು ಮೂರನ್ನು ಅವಳ ಕೆಳಗೆ ಹಾಸಿದರು.