ಔಷಧಿ ಬರೆಯದ ಚೀಟಿ

"ಔಷಧಿ ಬೇಡ, ಆಪರೇಷನ್ನೂ ಬೇಡ. ಮನೆಗೆ ಹೋಗಿ ಚೆನ್ನಾಗಿ ಉಂಡುಕೊಂಡಿರು. ಆರು ತಿಂಗಳು ಬಿಟ್ಟು ಬಾ."

ಡಾಕ್ಟರ್ ಸರ್ವಮಂಗಳಾ ಇಷ್ಟು ಹೇಳಿದ್ದೇ ತಡ, ನನ್ನ ಅತ್ತೆ ಮಾದೇವಮ್ಮ ಆಸ್ಪತ್ರೆಯ ಜಗಲಿಯ ಮೇಲೆ ಕುಸಿದು ಕೂತರು. ನಮ್ಮ ಮಾವನನ್ನೂ ಡಾಕ್ಟರೊಬ್ಬರು ಇದೇ ಮಾತು ಹೇಳಿ ಮನೆಗೆ ಕಳಿಸಿದ್ದರು. ಒಂಬತ್ತನೇ ದಿನಕ್ಕೆ ಮಾವ ತೀರಿಕೊಂಡರು. ನಮ್ಮೂರು ಕೆಸರೆಯಲ್ಲಿ ಡಾಕ್ಟರು ಚೀಟಿಯಲ್ಲಿ ಔಷಧಿ ಬರೆಯಲಿಲ್ಲ ಎಂದರೆ ಕೈಬಿಟ್ಟರು ಎಂದೇ ಲೆಕ್ಕ.

ಅದು ಅರವತ್ತಾರನೇ ಇಸವಿ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ತೋರಿಸಲು ಹೋಗಿದ್ದೆ. ಡಾಕ್ಟರಮ್ಮ ಗರ್ಭಕೋಶದ ಬಾಯನ್ನು ಮರದ ಕಡ್ಡಿಯಿಂದ ಸವರಿ, ಗಾಜಿನ ಮೇಲೆ ಬಳಿದು ಪರೀಕ್ಷೆಗೆ ಕಳಿಸಿದ್ದರು. ಕೆಲವು ಜೀವಕಣಗಳು ಮಾಮೂಲಿನಂತಿಲ್ಲ ಎಂದು ವರದಿ ಬಂತು. ಅದನ್ನು ನೋಡಿ ಡಾಕ್ಟರಮ್ಮ ಹೇಳಿದ್ದೇ ಆ ಮಾತು.

ಮನೆಯಲ್ಲಿ ಶುರುವಾಯಿತು ನೋಡಿ ಉಪಚಾರ! ಒಂದು ದಿನ ಕೋಳಿಸಾರು, ಒಂದು ದಿನ ಕಜ್ಜಾಯ. ಜಗಳಗಂಟಿ ನಾದಿನಿ ನೀಲಮ್ಮ ಕೂಡ ಬಂದು ನನ್ನ ತಲೆ ಬಾಚಿದಳು. "ಉಣ್ಣವ್ವ ಚೆಲುವಿ, ಆಸೆಪಟ್ಟಿದ್ದು ಉಣ್ಣು" ಎಂದು ಅತ್ತೆ ಕಣ್ಣೊರೆಸಿಕೊಳ್ಳುವರು. ಮೊದಲೆರಡು ದಿನ ಚೆನ್ನಾಗಿಯೇ ಉಂಡೆ, ಸುಳ್ಳೇಕೆ ಹೇಳಲಿ. ಮೂರನೇ ದಿನ ಇದು ಸಾಯುವವಳಿಗೆ ಮಾಡುವ ಉಪಚಾರವೆಂದು ಹೊಳೆದು ತಟ್ಟೆ ಸರಿಸಿದೆ.

ಮಂಡಿ ಮೊಹಲ್ಲಾದಲ್ಲಿ ಮೂಟೆ ಹೊರುತ್ತಿದ್ದ ನನ್ನ ಗಂಡ ಮರಿಯಯ್ಯ ಬೇರೊಬ್ಬ ಡಾಕ್ಟರನ್ನು ಹುಡುಕಿ ಬಂದ. "ಗರ್ಭಕೋಶ ತೆಗ್ದ್‌ಬುಟ್ರೆ ಜೀವ ಉಳೀತದಂತೆ ಕಣೆ. ಸೋಮ್ವಾರ ಬನ್ನಿ ಅಂದವ್ರೆ. ಮಕ್ಳು ಆಗ್ದಿದ್ರೆ ಬುಡು, ನೀನಿದ್ರೆ ಸಾಕು" ಎಂದವನು ಮುಖ ತಿರುಗಿಸಿಕೊಂಡ. ನಾನೂ ಹೂಂ ಎಂದೆ. ಸಾವಿನ ಭಯ ಅಷ್ಟಿತ್ತು.

ಆದರೆ ಸಿಟ್ಟು ಇಳಿಯಲಿಲ್ಲ. ಸಾಯುವವಳಿಗೆ ಸಾಯುತ್ತೀ ಎಂದು ಹೇಳದೆ ಕಳಿಸಿದ ಡಾಕ್ಟರಮ್ಮನನ್ನು ಕೇಳಿಯೇ ಬಿಡೋಣವೆಂದು ಶನಿವಾರ ಬೆಳಿಗ್ಗೆ ಹೊರಟೆ. ಅತ್ತೆ ಹಿಂದೆಯೇ ಬಂದರು.

"ನಾನು ಸಾಯೋದಾದ್ರೆ ನನ್ನ ಮುಂದೇನೇ ಹೇಳ್ಬೇಕಿತ್ತು ಡಾಕ್ಟ್ರಮ್ಮ!" ಎಂದು ಬಾಗಿಲಲ್ಲೇ ಕೂಗಿದೆ.

ಅವರು ಬೆಚ್ಚಿದರು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಂದೇ ಕಣಮ್ಮ. ಬೇಡ ಅಂದೆ, ಯಾಕೆ ಬೇಡ ಅಂತ ಹೇಳ್ಲಿಲ್ಲ. ಬಾ" ಎಂದು ಒಳಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ, ಏನು ಹೇಳಲಿ! ತಿಳಿನೀಲಿ, ನಸುಗೆಂಪು ಬಣ್ಣದ ನೂರಾರು ಕಣಗಳು, ಒಂದೊಂದರ ನಡುವೆಯೂ ಕಪ್ಪು ಚುಕ್ಕೆ. ಎಲ್ಲವೂ ನನ್ನವು. ಇಪ್ಪತ್ತಾರು ವರ್ಷ ಹೊತ್ತು ತಿರುಗಿದ ಮೈಯೊಳಗೆ ಇಷ್ಟು ಅಂದ ತುಂಬಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮೈ ಜುಮ್ಮೆಂದಿತು.

"ನಾಕೈದರ ಚುಕ್ಕೆ ದೊಡ್ಡದಾಗಿದೆ, ನೋಡು. ಅಷ್ಟೇ ವ್ಯತ್ಯಾಸ. ಇದು ಕ್ಯಾನ್ಸರ್ ಅಲ್ಲ. ಇಷ್ಟು ಸಣ್ಣದನ್ನ ಬಹಳ ಸಲ ಮೈಯೇ ಸರಿ ಮಾಡ್ಕೊಳ್ಳುತ್ತೆ. ಮಾಡ್ಕೊಳ್ದಿದ್ರೆ ಆಗ ನಾನಿದ್ದೀನಿ, ಕಾಲ ಮೀರಿರಲ್ಲ. ಇದಕ್ಕೆ ಗರ್ಭಕೋಶ ತೆಗೆಸ್ತಾರೇನಮ್ಮ? ಆದ್ರೆ ಆರು ತಿಂಗಳಿಗೆ ತಪ್ಪಿಸದೆ ಬರ್ಬೇಕು."

ಅತ್ತೆಯೂ ಇಣುಕಿದರು. ಇಣುಕಿ, ಹಿಂದೆ ಸರಿದು, ಚಪ್ಪಲಿ ಹೊರಗೆ ಬಿಟ್ಟು ಬಂದು ಆ ಯಂತ್ರಕ್ಕೆ ಕೈ ಮುಗಿದರು. "ಸೋಮ್ವಾರ ಎಲ್ಗೂ ಓಗಾದು ಬ್ಯಾಡ ಕಣವ್ವ" ಎಂದರು.

ಕಾಯುವುದು ಸುಲಭವಿರಲಿಲ್ಲ. ಸ್ವಲ್ಪ ಹೊಟ್ಟೆ ಹಿಂಡಿದರೂ ಜೀವ ಹಾರಿಹೋಗುತ್ತಿತ್ತು. ಆರು ತಿಂಗಳಾದ ಮೇಲೆ ಮತ್ತೆ ಕಡ್ಡಿ, ಮತ್ತೆ ಗಾಜು. ಡಾಕ್ಟರಮ್ಮ ಕರೆದು ತೋರಿಸಿದರು. ದೊಡ್ಡ ಚುಕ್ಕೆ ಒಂದೂ ಇರಲಿಲ್ಲ! ನಾನು ಸೊಪ್ಪು ಬಿಡಿಸುವಾಗ, ನೀರು ಹೊರುವಾಗ, ನೀಲಮ್ಮನ ಜೊತೆ ಜಗಳವಾಡುವಾಗ ಮೈ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು, ನನಗೊಂದು ಮಾತೂ ಹೇಳದೆ. ಮತ್ತೊಮ್ಮೆ ಕಣ್ಣಿಟ್ಟು ನೋಡಿದೆ.

"ಔಷಧಿ ಬೇಡ, ಮನೆಗೆ ಕರ್ಕೊಂಡು ಹೋಗಿ. ಮುಂದಿನ ವರ್ಷ ಒಂದ್ಸಲ ತೋರಿಸಿ" ಎಂದರು ಡಾಕ್ಟರಮ್ಮ.

ಅತ್ತೆ ಈ ಸಲವೂ ಜಗಲಿಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತರು. ನಾನೂ ಪಕ್ಕದಲ್ಲಿ ಕೂತೆ.

"ಇನ್ಮೇಲೆ ಕಜ್ಜಾಯ ಇಲ್ಲ ಅನ್ನಿ ಅತ್ತೆ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾಡ್ತೀನಿ ಕಣವ್ವ. ಬದ್ಕಿರೋಳ್ಗೂ ಮಾಡ್ತೀನಿ."